ಸಂಪರ್ಕವಿಲ್ಲದ ನಾಡುಗಳ ಪುರಾಣಗಳಲ್ಲಿಯೂ ಹಾವು ಬರುವುದೇಕೆ?

ಒಬ್ಬರನ್ನೊಬ್ಬರು ಕಂಡೇ ಇರದ ಜನರ ಪುರಾಣಗಳಲ್ಲಿ ಹಾವು, ಪ್ರಳಯ, ಅಮೃತಗಳು ಮತ್ತೆ ಮತ್ತೆ ಬರುವುದೇಕೆ ಎಂದು ಕೇಳಿದ್ದೀರಿ. ಎಲ್ಲಕ್ಕೂ ಒಂದೇ ಕಾರಣ ಹುಡುಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಾವಿನ ಮಟ್ಟಿಗಂತೂ ಕಾರಣ ಕಣ್ಣೆದುರಿಗೇ ಇದೆ.

ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಸೌದೆ ಕೊಟ್ಟಿಗೆಯಲ್ಲಿ ಆಗಾಗ ನಾಗರಹಾವಿನ ಪೊರೆ ಸಿಗುತ್ತದೆ. ಎತ್ತಿ ಬೆಳಕಿಗೆ ಹಿಡಿದರೆ, ಕಣ್ಣಿನ ಮೇಲಿದ್ದ ಗಾಜಿನಂಥ ಪದರವೂ ಅದರಲ್ಲಿ ಹಾಗೆಯೇ ಕಾಣಿಸುತ್ತದೆ. ಪೊರೆ ಬಿಡುವ ಮುನ್ನ ಕಣ್ಣು ಮಬ್ಬಾಗಿ, ಬಿಟ್ಟ ಮೇಲೆ ಮೈಯೆಲ್ಲ ಹೊಸದಾಗಿ ಹೊಳೆಯುವ ಈ ಜೀವಿಗೆ ಮುಪ್ಪೇ ಇಲ್ಲವೆಂದು ನೋಡಿದವರಿಗೆ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇಂದಿನ ಇರಾಕಿನ ಸುತ್ತಲಿದ್ದ ಮೆಸೊಪೊಟೇಮಿಯಾದ ಪ್ರಾಚೀನ ಗಿಲ್ಗಮೆಶ್ ಕಾವ್ಯದ 11ನೆಯ ಮಣ್ಣಿನ ಫಲಕದಲ್ಲಿ, ನಾಯಕನು ಕಾಲಿಗೆ ಕಲ್ಲು ಕಟ್ಟಿಕೊಂಡು ನೀರಿನಾಳಕ್ಕಿಳಿದು ಯೌವನ ಮರಳಿಸುವ ಗಿಡವನ್ನು ತರುತ್ತಾನೆ. ದಾರಿಯಲ್ಲಿ ತಂಪಾದ ಕೊಳವೊಂದರಲ್ಲಿ ಅವನು ಮೀಯುತ್ತಿರುವಾಗ ಹಾವೊಂದು ಅದನ್ನು ಕದ್ದೊಯ್ದು, ಹೋಗುತ್ತಲೇ ಪೊರೆ ಕಳಚುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಇದೇ ಕಥೆ ತಿರುವುಮುರುವಾದಂತಿದೆ: ಗರುಡನು ತಾಯಿಯ ಬಿಡುಗಡೆಗಾಗಿ ತಂದ ಅಮೃತವನ್ನು ದರ್ಭೆಯ ಮೇಲಿಡುತ್ತಾನೆ, ಈ ಸಲ ಮೀಯಲು ಹೋಗುವವು ಹಾವುಗಳು, ಕದ್ದೊಯ್ಯುವವನು ಇಂದ್ರ. ಬರಿದಾದ ದರ್ಭೆಯನ್ನು ನೆಕ್ಕಿ ಅವುಗಳ ನಾಲಗೆ ಸೀಳಿತು. ಒಂದು ಕಡೆ ಪೊರೆಗೆ, ಇನ್ನೊಂದು ಕಡೆ ಸೀಳುನಾಲಗೆಗೆ ಕಾರಣ ಹೇಳಲಾಗಿದೆ. ಎರಡೂ ಹಾವನ್ನು ಹತ್ತಿರದಿಂದ ನೋಡಿದವರು ಕಟ್ಟಿದ ಕಥೆಗಳೇ.

ಸಂಕೇತ ಒಂದೇ ಆದರೂ ಅರ್ಥ ಒಂದೇ ಆಗಿರಬೇಕಿಲ್ಲ. ನಮ್ಮ ತೋಟದಂಚಿನ ನಾಗರಬನದಲ್ಲಿ ಯಾರೂ ಕತ್ತಿಯಾಡಿಸುವುದಿಲ್ಲ. ಬೈಬಲಿನ ಆದಿಕಾಂಡದಲ್ಲಿ ಅದೇ ಪ್ರಾಣಿ ಶಾಪ ಹೊತ್ತು ಹೊಟ್ಟೆಯ ಮೇಲೆ ತೆವಳುತ್ತದೆ. ಗ್ರೀಕರಲ್ಲಿ ವೈದ್ಯದೇವತೆ ಅಸ್ಕ್ಲೀಪಿಯಸನ ಕೋಲನ್ನು ಸುತ್ತಿಕೊಂಡಿದೆ. ಪ್ರಳಯದ ವಿಷಯ ಬೇರೆ. ನದಿದಂಡೆಯಲ್ಲಿ ಬದುಕಿದವರಿಗೆ, ಮಲೆನಾಡಿನ ಆಷಾಢವನ್ನು ಕಂಡವರಿಗಂತೂ, ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಯಾರೂ ಎಲ್ಲಿಯೂ ಕಂಡಿರದ ರೂಪಗಳಿಗೆ ಈ ವಾದ ಸಾಲದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ. ಎರಡು ತಲೆಯ ಹಕ್ಕಿ ಅದಕ್ಕೂ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ಇಂದಿನ ಟರ್ಕಿಯ ಅಲಾಜಾ ಹೊಯುಕ್‌ನಲ್ಲಿ ಹಿಟ್ಟೈಟರೆಂಬ ಪ್ರಾಚೀನ ಜನರು ಕಟ್ಟಿದ ಬಾಗಿಲಲ್ಲಿದೆ. ನಡುವೆ, ಇಂದಿನ ಪಾಕಿಸ್ತಾನದ ತಕ್ಷಶಿಲೆಯಲ್ಲಿ, ಸಿರ್ಕಪ್ ಎಂಬ ಹಳೆಯ ನಗರದ ಅವಶೇಷಗಳಲ್ಲಿಯೂ ಇದೆ. ಇಂಥದ್ದು ವ್ಯಾಪಾರಿಗಳ, ಶಿಲ್ಪಿಗಳ ಕೈಯಿಂದ ಕೈಗೆ ದಾಟಿ ಬಂದಿರಬೇಕೆಂದು ನನಗನ್ನಿಸುತ್ತದೆ. ಹಿಟ್ಟೈಟರ ಹದ್ದು ಉಗುರುಗಳಲ್ಲಿ ಎರಡು ಮೊಲಗಳನ್ನು ಹಿಡಿದಿದೆ. ಬಳ್ಳಿಗಾವಿಯ ಶಿಲ್ಪಿ ಹಕ್ಕಿಯ ಎರಡು ತಲೆಗಳನ್ನು ಮನುಷ್ಯನ ಮೈಮೇಲೆ ಕೂರಿಸಿದ್ದಾನೆ.