ಕೈತೋಟಕ್ಕೆ ಎಷ್ಟು ಲೋಡ್ ಮಣ್ಣು, ಎಷ್ಟು ಲೋಡ್ ಜಲ್ಲಿ ತರಿಸಬೇಕು?

ಮೈಸೂರಿನ ಹೊರವಲಯದಲ್ಲಿ ಹೊಸ ಮನೆ, ಹಿಂದೆ 20 ಅಡಿಗೆ 30 ಅಡಿ ಖಾಲಿ ಜಾಗ. ಗಿಡಗಳಿಗೆ ಮಡಿ, ನಡುವೆ ಜಲ್ಲಿ ಹಾಕಿದ ದಾರಿ, ಮಡಿಯ ಮೇಲೆ ಮುಚ್ಚಿಗೆ (ಮಣ್ಣು ಒಣಗದ ಹಾಗೆ ಹಾಸುವ ಎಲೆ, ತರಗು, ಅಂದರೆ ಮಲ್ಚಿಂಗ್). ಯಾವುದು ಎಷ್ಟು ಲೋಡ್ ಬೇಕು ಅಂತ ಕೇಳಿದ್ದೀರಿ.

ಮೊದಲು ಆ ‘ಲೋಡ್’ ಅನ್ನೋ ಮಾತು ಬಿಟ್ಟುಬಿಡಿ. ನಾನು ಕೆಟ್ಟಿದ್ದೇ ಅಲ್ಲಿ. ನಮ್ಮ ಮನೆಯೂ ಮೈಸೂರಿನಲ್ಲೇ, ಜಾಗವೂ ಹೆಚ್ಚುಕಡಿಮೆ ಅಷ್ಟೇ. ಫೋನಿನಲ್ಲಿ “ಎರಡು ಲೋಡ್ ಕೆಂಪು ಮಣ್ಣು, ಒಂದು ಲೋಡ್ ಜಲ್ಲಿ” ಅಂದೆ. “ಆಯ್ತು ಸಾರ್” ಅಂದರು. ಬಂದ ಮಣ್ಣು ಸಾಲಲಿಲ್ಲ. ಬಂದ ಜಲ್ಲಿ ಇವತ್ತಿಗೂ ಮುಗಿದಿಲ್ಲ.

ಲೋಡ್ ಒಂದು ಅಳತೆಯೇ ಅಲ್ಲ. ಟ್ರ್ಯಾಕ್ಟರ್ ಆದರೂ ಲೋಡೇ, ಟಿಪ್ಪರ್ ಆದರೂ ಲೋಡೇ. ಘನ ಅಡಿಯಲ್ಲಿ ಕೇಳಿ. ಮಾರುವವರು ಯೂನಿಟ್ ಅಂದರೆ 100 ಘನ ಅಡಿ. ಉತ್ತರ ಕರ್ನಾಟಕದ ಕಡೆ ಇದನ್ನೇ ಬ್ರಾಸ್ ಅನ್ನುತ್ತಾರೆ. ಗಾಡಿ ಬಂದ ಮೇಲೆ, ಸುರಿಯುವ ಮೊದಲು ಟೇಪ್ ಹಿಡಿಯಿರಿ. ಟ್ರೈಲರ್ ಒಳಗೆ 10 ಅಡಿ ಉದ್ದ, 6 ಅಡಿ ಅಗಲ, ಮಣ್ಣು ಒಂದೂವರೆ ಅಡಿ ಎತ್ತರ ಇದ್ದರೆ ಅದು 90 ಘನ ಅಡಿ. ಮಧ್ಯದಲ್ಲಿ ಗುಡ್ಡೆ, ಮೂಲೆಗಳಲ್ಲಿ ಹಳ್ಳ ಇರುತ್ತದೆ, ಅದಕ್ಕೆ ಮೊದಲು ಸಮ ಮಾಡಿಸಿ. ಡ್ರೈವರ್ ಮುಖ ಸ್ವಲ್ಪ ಸಣ್ಣದಾಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಸುರಿದ ಮೇಲೆ ಅಳೆಯೋಕೆ ಆಗಲ್ಲ.

ಈಗ ಜಲ್ಲಿ. ನಿಮ್ಮ ದಾರಿ 3 ಅಡಿ ಅಗಲ, 30 ಅಡಿ ಉದ್ದ ಅಂದುಕೊಳ್ಳೋಣ. 90 ಚದರ ಅಡಿ. ಮೂರು ಇಂಚು ದಪ್ಪ ಅಂದರೆ ಕಾಲು ಅಡಿ. 90ರ ಕಾಲು ಭಾಗ, ಇಪ್ಪತ್ತೆರಡೂವರೆ ಘನ ಅಡಿ. ಅಷ್ಟೇ! ನಾನು ತರಿಸಿದ್ದು ಇದರ ನಾಲ್ಕರಷ್ಟು. ಖಾಲಿ ಸಿಮೆಂಟ್ ಮೂಟೆಯಲ್ಲಿ ಸುಮಾರು ಒಂದೂಕಾಲು ಘನ ಅಡಿ ಹಿಡಿಯುತ್ತದೆ. ಅಂದರೆ ನಿಮಗೆ ಬೇಕಾಗಿರೋದು 18 ಮೂಟೆ. ಪಕ್ಕದಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಅವರ ಜಲ್ಲಿಯಲ್ಲೇ ಇಷ್ಟು ಕೇಳಿ, ದುಡ್ಡು ಕೊಟ್ಟು ತಂದುಬಿಡಿ. ಟ್ರ್ಯಾಕ್ಟರ್ ಕರೆಸೋದೇ ಬೇಡ.

ಸೈಜಿನಲ್ಲಿ 20 ಎಂಎಂ ಅಂದರೆ ಮುಕ್ಕಾಲು ಇಂಚಿನದು, ಕಾಂಕ್ರೀಟಿಗೆ ಹಾಕುವಂಥದ್ದು. ಚಪ್ಪಲಿ ಹಾಕಿ ಓಡಾಡೋಕೆ ಇದು ಸಾಕು. ಬರಿಗಾಲಲ್ಲಿ ನಡೆಯುವವರಿದ್ದರೆ 12 ಎಂಎಂ ನೋಡಿ, ಆದರೆ ಅದು ಚಪ್ಪಲಿ ಸಂದಿಗೆ ಸಿಕ್ಕಿ ಮನೆಯೊಳಗೆ ಬರುತ್ತದೆ. ಗುಂಡಗಿನ ಹೊಳೆಕಲ್ಲು ನೋಡೋಕೆ ಚೆಂದ, ನಡೆಯೋಕೆ ಅಲ್ಲ, ಕಾಲಡಿ ಉರುಳುತ್ತದೆ. ಕ್ರಷರ್ ಜಲ್ಲಿಗೆ ಮೂಲೆಗಳಿರುವುದರಿಂದ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತದೆ. ಎರಡೂ ಬದಿಗೆ ಇಟ್ಟಿಗೆ ಹೂಳಿ ಅಂಚು ಕಟ್ಟಿ. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಜಲ್ಲಿ ಮಡಿಗೂ, ಮಡಿಯ ಮಣ್ಣು ದಾರಿಗೂ ಬಂದಿರುತ್ತದೆ.

ಮಣ್ಣಿನ ವಿಷಯ ದೊಡ್ಡದು. ನಿಮಗೆ ಮಣ್ಣು ಬೇಕೇ ಬೇಕಾ ಅಂತ ಮೊದಲು ನೋಡಿ. ಹಿತ್ತಲಲ್ಲಿ ಒಂದು ಅಡಿ ಆಳ ಅಗೆಯಿರಿ. ಹೊಸ ಮನೆ ಆದ್ದರಿಂದ ಮೇಲೆ ಇಟ್ಟಿಗೆ ಚೂರು, ಗಾರೆ, ಟೈಲ್ಸ್ ತುಂಡು ಸಿಗೋದು ಗ್ಯಾರಂಟಿ. ಅದನ್ನು ತೆಗೆದ ಮೇಲೆ ಕೆಳಗೆ ಒಳ್ಳೆ ಮಣ್ಣು ಕಂಡರೆ ಹೊರಗಿನ ಮಣ್ಣಿಗೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಕೊಟ್ಟಿಗೆ ಗೊಬ್ಬರ ತರಿಸಿ, ಅಲ್ಲೇ ಕಲಸಿ. ನನಗೆ ಈ ಮಾತು ಹೇಳಿದ್ದು ಮಡಿ ಅಗೆಯೋಕೆ ಬಂದ ಆಳು, ಮಣ್ಣು ಸುರಿದಾದ ಮೇಲೆ.

ತರಿಸಲೇಬೇಕು ಅಂದರೆ ಲೆಕ್ಕ ಹೀಗೆ. ಮಡಿಗಳು ಒಟ್ಟು 300 ಚದರ ಅಡಿ, ಅರ್ಧ ಅಡಿ ಎತ್ತರ ಅಂದರೆ 150 ಘನ ಅಡಿ. ನೀರು ಬಿದ್ದ ಮೇಲೆ ಮಣ್ಣು ಕುಸಿಯುತ್ತದೆ, ಐದರಲ್ಲಿ ಒಂದು ಭಾಗ ಜಾಸ್ತಿ ಹಿಡಿಯಿರಿ. 180 ಆಯಿತು. ಇದರಲ್ಲಿ ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ. ಮಣ್ಣು 120, ಗೊಬ್ಬರ 60.

ಮಣ್ಣನ್ನು ಹೋಗಿ ನೋಡದೆ ಒಪ್ಪಬೇಡಿ. ಕೆಂಪಗಿದ್ದ ಮಾತ್ರಕ್ಕೆ ಒಳ್ಳೆ ಮಣ್ಣಲ್ಲ. ಮಾರಾಟಕ್ಕೆ ಬರುವುದರಲ್ಲಿ ಪಾಯ, ಸಂಪು ತೋಡಿದ ಮಣ್ಣೂ ಇರುತ್ತದೆ. ಹತ್ತು ಅಡಿ ಕೆಳಗಿನ ಮಣ್ಣಲ್ಲಿ ಸತ್ವ ಎಲ್ಲಿಂದ ಬರಬೇಕು? ಒಂದು ಹಿಡಿ ಒದ್ದೆ ಮಾಡಿ ಅಂಗೈಯಲ್ಲಿ ಹೊಸೆಯಿರಿ. ಚಕ್ಕುಲಿ ಹಿಟ್ಟಿನ ಹಾಗೆ ಉದ್ದಕ್ಕೆ ಬಂದರೆ ಜೇಡಿ ಜಾಸ್ತಿ. ಹೊಸೆಯೋಕೇ ಬಾರದೆ ಉದುರಿದರೆ ಮರಳು ಜಾಸ್ತಿ. ಇನ್ನೊಂದು ಹಿಡಿಯನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಅದರ ಮೇಲೆ ನುಣ್ಣನೆಯ ಮಣ್ಣು ಕೂರುತ್ತದೆ, ಜೇಡಿ ಮಾರನೇ ದಿನದವರೆಗೂ ನೀರಲ್ಲೇ ತೇಲುತ್ತಿರುತ್ತದೆ. ಪದರಗಳು ಕಣ್ಣಿಗೇ ಕಾಣುತ್ತವೆ.

ನಾನು ನೋಡದೆ ಬಿಟ್ಟಿದ್ದು ಜೇಕು ಅನ್ನೋ ಕಳೆ. ಮಣ್ಣಲ್ಲಿ ಕಡಲೆಕಾಳು ಗಾತ್ರದ ಕಪ್ಪು ಗೆಡ್ಡೆಗಳಿದ್ದವು, ಕಲ್ಲು ಅಂದುಕೊಂಡೆ. ಒಂದು ತಿಂಗಳಿಗೆ ಇಡೀ ಮಡಿ ಹಸಿರೋ ಹಸಿರು. ನೆಂಟರು “ಲಾನ್ ಚೆನ್ನಾಗಿ ಬಂದಿದೆ” ಅಂದರು. ಕಿತ್ತರೆ ಮೇಲಿನ ಹುಲ್ಲು ಬರುತ್ತದೆ, ಕೆಳಗಿನ ಗೆಡ್ಡೆ ಮತ್ತೆ ಚಿಗುರುತ್ತದೆ. ಇವತ್ತಿಗೂ ಭಾನುವಾರ ಬೆಳಿಗ್ಗೆ ನನಗೆ ಅದೇ ಕೆಲಸ. ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ ನೋಡಿ, ಗೆಡ್ಡೆ ಕಂಡರೆ ಬಿಟ್ಟಿ ಕೊಟ್ಟರೂ ಬೇಡ. ಹಾಗೇ ಊರ ಕೊಳಚೆ ಸೇರುವ ಕೆರೆಯ ಹೂಳೂ ಬೇಡ. ಹಳ್ಳಿಯ ಕೆರೆ ಗೋಡು ಬೇರೆ, ಇದು ಬೇರೆ.

ಗೊಬ್ಬರದ ಗುಡ್ಡೆಯೊಳಗೆ ಕೈ ಹಾಕಿ ನೋಡಿ. ಬಿಸಿ ಇದ್ದರೆ, ಸಗಣಿ ವಾಸನೆ ಬಂದರೆ ಅದು ಇನ್ನೂ ಕಳಿತಿಲ್ಲ. ಬೆಳ್ಳಗೆ ಸುರುಳಿ ಸುತ್ತಿದ ಗೊಣ್ಣೆ ಹುಳ ಕಂಡರೆ ಆರಿಸಿ ತೆಗೆಯಬೇಕು, ಅವು ಬೇರು ತಿನ್ನುತ್ತವೆ.

ಇಳಿಸುವ ದಿನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 100 ಘನ ಅಡಿ ಮಣ್ಣು ಸುಮಾರು ಮೂರೂವರೆಯಿಂದ ನಾಲ್ಕು ಟನ್ ತೂಗುತ್ತದೆ, ಜಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಆ ಭಾರದ ಮೇಲೆ ಗಾಡಿಯ ತೂಕ ಬೇರೆ. ನಮ್ಮ ಗೇಟಿನ ಮುಂದಿನ ಚರಂಡಿ ಚಪ್ಪಡಿ ಟ್ರೈಲರ್ ಚಕ್ರಕ್ಕೆ ಎರಡು ಹೋಳಾಯಿತು. ಸಂಪಿನ ಮುಚ್ಚಳ, ಒಳಚರಂಡಿ ಚೇಂಬರ್ ಎಲ್ಲಿವೆ ಅಂತ ಡ್ರೈವರಿಗೆ ಮೊದಲೇ ತೋರಿಸಿ. ಟಿಪ್ಪರ್ ಬಂದರೆ ತಲೆ ಮೇಲಿನ ಕರೆಂಟ್ ತಂತಿಯನ್ನೂ ನೋಡಿ, ತೊಟ್ಟಿ ಎತ್ತಿದಾಗ ತುಂಬ ಮೇಲೆ ಹೋಗುತ್ತದೆ. ಹಿತ್ತಲಿಗೆ ಗಾಡಿ ಹೋಗಲ್ಲ ಅಂದರೆ ಮಣ್ಣು ರಸ್ತೆಯಲ್ಲೇ ಬೀಳುತ್ತದೆ. ಅಲ್ಲಿಂದ ಬಾಂಡ್ಲಿಯಲ್ಲಿ ಹೊರಬೇಕು, ಒಂದು ಯೂನಿಟ್‌ಗೆ ಇನ್ನೂರೈವತ್ತರ ಮೇಲೆ ಬಾಂಡ್ಲಿ. ಆಳುಗಳು ಬರೋದು ಖಾತ್ರಿ ಆದ ಮೇಲೆ ಗಾಡಿಗೆ ಹೇಳಿ. ಮಣ್ಣು, ಗೊಬ್ಬರ ಮೊದಲು ಬರಲಿ, ಅದು ಒಳಗೆ ಹೋಗಿ ಜಾಗ ಗುಡಿಸಿದ ಮೇಲೆ ಜಲ್ಲಿ. ರಾತ್ರಿ ಮಳೆ ಬಂದರೆ ಅರ್ಧ ಮಣ್ಣು ಚರಂಡಿ ಪಾಲು, ಟಾರ್ಪಲ್ ಇಟ್ಟುಕೊಂಡಿರಿ. ಮಾರ್ಚ್, ಏಪ್ರಿಲ್ ಒಳ್ಳೆ ಕಾಲ.

ಗೋಡೆಗೆ ತಾಗಿಸಿ ಮಣ್ಣು ಏರಿಸಬೇಡಿ, ಒಂದು ಅಡಿ ಬಿಡಿ. ಇಲ್ಲದಿದ್ದರೆ ಒಳಗಿನ ಗೋಡೆ ತೇವ ಹಿಡಿದು ಬಣ್ಣ ಕಿತ್ತು ಬರುತ್ತದೆ. ಮುಚ್ಚಿಗೆಗೂ ಇದೇ ಮಾತು, ಗೆದ್ದಲಿನ ಕಾರಣಕ್ಕೆ.

ಮುಚ್ಚಿಗೆಗೆ ಮಾತ್ರ ದುಡ್ಡು ಕೊಡಬೇಡಿ ಅಂತ ನನ್ನ ಹಟ. ಪ್ಯಾಕೆಟ್ಟಿನಲ್ಲಿ ಬರುವ ಮರದ ತೊಗಟೆ ನಮ್ಮೂರಿಗೆ ದುಬಾರಿ ಶೋಕಿ. ಮಲೆನಾಡಿನವರು ಅಡಿಕೆ ಬುಡಕ್ಕೆ ಸೊಪ್ಪು, ದರಗು ಹಾಕುತ್ತಲೇ ಬಂದಿದ್ದಾರೆ, ಅದೂ ಮಲ್ಚಿಂಗೇ ಅಲ್ವಾ? 300 ಚದರ ಅಡಿಗೆ ಮೂರು ಇಂಚು ಅಂದರೆ 75 ಘನ ಅಡಿ ಬೇಕು. ಬೇಸಿಗೆ ಶುರುವಿನಲ್ಲಿ ರಸ್ತೆ ಮರಗಳು ಎಲೆ ಉದುರಿಸುತ್ತವೆ, ಗುಡಿಸುವವರನ್ನು ಕೇಳಿದರೆ ಮೂಟೆಗಟ್ಟಲೆ ಕೊಡುತ್ತಾರೆ. ಮಂಡ್ಯ ಕಡೆ ನೆಂಟರಿದ್ದರೆ ಕಬ್ಬಿನ ತರಗು ತರಿಸಿ. ತೆಂಗಿನ ಸಿಪ್ಪೆಯನ್ನು ನಾರಿನ ಮುಖ ಕೆಳಗೆ ಮಾಡಿ ಬುಡದ ಸುತ್ತ ಜೋಡಿಸಿದರೆ ನೀರು ಹಿಡಿದಿಡುತ್ತದೆ. ಭತ್ತದ ಹೊಟ್ಟು ಗಾಳಿಗೆ ಹಾರುತ್ತದೆ, ಮಳೆಗೆ ತೇಲುತ್ತದೆ. ಹಸಿ ಮರದ ಹೊಟ್ಟನ್ನು ಮಣ್ಣಿಗೆ ಕಲಸಬೇಡಿ, ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಯಾವುದೇ ಹಾಕಿದರೂ ಕಾಂಡದಿಂದ ನಾಲ್ಕು ಬೆರಳು ದೂರ, ಮತ್ತೆ ಮಣ್ಣು ನೆನೆದ ಮೇಲೆ.

ಜಲ್ಲಿ ತರಿಸುವ ಮೊದಲು ಒಂದು ಮೆಸೇಜ್ ಹಾಕಿ. ನಿಮಗೆ ಬೇಕಾದ 18 ಮೂಟೆ ನಮ್ಮ ಗೇಟಿನ ಪಕ್ಕವೇ ಬಿದ್ದಿದೆ. ಖಾಲಿ ಮೂಟೆ, ಗಾಡಿ ನೀವೇ ತರಬೇಕು.