ಅಪ್ಪನಿಗೆ 67 ವರ್ಷ, ಶುಗರ್ ಇದೆ, ಪ್ರತಿ ವರ್ಷ ಫ್ಲೂ ಇಂಜೆಕ್ಷನ್ ಹಾಕಿಸಲೇಬೇಕಾ? ಹಾಕಿಸಿದರೆ ಜ್ವರ ಬರುತ್ತಂತೆ, ನಿಜವಾ?

ಹಾಕಿಸಿ. ಅಪ್ಪನಿಗೆ 67 ವರ್ಷ, ಮೇಲಿಂದ ಶುಗರ್ ಬೇರೆ ಅಂತ ಬರೆದಿದ್ದೀರಿ. ಹಾಗಿದ್ದ ಮೇಲೆ ತಡ ಮಾಡಬೇಡಿ.

ನಮ್ಮ ಅಮ್ಮನಿಗೂ ಶುಗರ್. ಒಂದು ಆಗಸ್ಟ್‌ನಲ್ಲಿ ಅವರಿಗೆ ಜ್ವರ, ಕೆಮ್ಮು ಶುರುವಾಯಿತು. ಮಳೆಗಾಲದಲ್ಲಿ ಇದೆಲ್ಲ ಇದ್ದಿದ್ದೇ ಅಂತ ಕಷಾಯ, ಮಾತ್ರೆ ಕೊಟ್ಟು ಮೂರು ದಿನ ಕಳೆದೆವು. ನಾಲ್ಕನೇ ರಾತ್ರಿ ಅವರಿಗೆ ಮಲಗೋಕೇ ಆಗಲಿಲ್ಲ. ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದೆವು. "ನೀರು ಕೊಡು" ಅನ್ನೋಕೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡೋ ಆಕ್ಸಿಮೀಟರ್ ಬರೀ 88 ತೋರಿಸಿತು. ಆಸ್ಪತ್ರೆಗೆ ಹೋದರೆ ಫ್ಲೂ ಆಗಲೇ ನ್ಯುಮೋನಿಯಾಕ್ಕೆ ತಿರುಗಿತ್ತು. ಒಂಬತ್ತು ದಿನ ಅಲ್ಲೇ. ಮನೆಗೆ ಬಂದ ಮೇಲೂ ಶುಗರ್ ಹತೋಟಿಗೆ ಬರಲು ತಿಂಗಳು ಹಿಡಿಯಿತು.

ಇನ್ನು ಜ್ವರದ ಮಾತು. ಇಲ್ಲಿ ದೊಡ್ಡವರಿಗೆ ಸಾಮಾನ್ಯವಾಗಿ ಕೊಡೋ ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರೋದಿಲ್ಲ. ಹಾಗಾಗಿ ಅದರಿಂದ ಫ್ಲೂ ಬರೋದಿಲ್ಲ. ತೋಳು ನೋಯುತ್ತೆ, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಅಷ್ಟೇ. ಆದರೆ ಲಸಿಕೆ ಕೆಲಸ ಶುರುಮಾಡಲು ಸುಮಾರು ಎರಡು ವಾರ ಬೇಕು. ಅಷ್ಟರೊಳಗೆ ಯಾರಿಂದಲೋ ಫ್ಲೂ ತಗುಲಿದರೆ ಜನ ಇಂಜೆಕ್ಷನ್ನನ್ನೇ ದೂರುತ್ತಾರೆ.

ಹಾಕಿಸಿದರೆ ಫ್ಲೂ ಬರೋದೇ ಇಲ್ಲ ಅಂತ ನಾನು ಹೇಳೋದಿಲ್ಲ. ಆ ವರ್ಷ ಓಡಾಡುತ್ತಿರುವ ವೈರಸ್‌ಗೆ ಲಸಿಕೆ ಚೆನ್ನಾಗಿ ಹೊಂದಿದ್ದರೆ, ಡಾಕ್ಟರ ಹತ್ತಿರ ಓಡುವಷ್ಟು ಫ್ಲೂ ಬರೋ ಸಾಧ್ಯತೆ ಶೇ 40ರಿಂದ 60ರಷ್ಟು ಕಡಿಮೆಯಾಗುತ್ತೆ. ಬಂದರೂ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗೋದು ಕಡಿಮೆ. ಆ ದಿಂಬುಗಳ ರಾತ್ರಿ ನೋಡಿದ ನನಗೆ ಅದೇ ದೊಡ್ಡದು.

ಪ್ರತಿ ವರ್ಷ ಯಾಕೆ ಅಂದರೆ, ವೈರಸ್ ಬದಲಾಗುತ್ತಲೇ ಇರುತ್ತೆ, ಲಸಿಕೆಯ ಬಲವೂ ತಿಂಗಳು ಕಳೆದಂತೆ ಇಳಿಯುತ್ತೆ. ಯಾವ ತಳಿಗಳನ್ನು ಸೇರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಹೇಳುತ್ತೆ. 2009ರಲ್ಲಿ ಹಂದಿಜ್ವರ ಅಂತ ನಾವೆಲ್ಲ ಹೆದರಿದ್ದ ಎಚ್1ಎನ್1 ಕೂಡ ಈಗ ಇದೇ ಇಂಜೆಕ್ಷನ್‌ನಲ್ಲಿದೆ.

ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಜಾಸ್ತಿ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು. ಅದಕ್ಕೆ ನಾವು ಮೇ ತಿಂಗಳಲ್ಲೇ ಮುಗಿಸುತ್ತೇವೆ. ಹಾಕುವ ಮೊದಲು ಡಬ್ಬಿ ತೋರಿಸಿ ಅಂತ ಕೇಳಿ, ಯಾವ ವರ್ಷದ್ದು ಅಂತ ಅದರ ಮೇಲೇ ಇರುತ್ತೆ. ಹಳೆಯದಾದರೆ ಬೇಡ ಅನ್ನಿ. ಹೋದ ಸಲ ನಮಗೆ ತಲೆಗೆ ಎರಡು ಸಾವಿರದ ಒಳಗೆ ಆಯಿತು. ಅಪ್ಪನಿಗೆ ಅವತ್ತು ಜೋರು ಜ್ವರವಿದ್ದರೆ, ಅಥವಾ ಹಿಂದೆ ಯಾವುದಾದರೂ ಲಸಿಕೆಗೆ ಅಲರ್ಜಿ ಆಗಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಇನ್ನೊಂದು ಮಾತು. ಅಪ್ಪನ ಜೊತೆ ನೀವೂ ಇಂಜೆಕ್ಷನ್‌ಗೆ ತೋಳು ಕೊಡಿ. ಅಮ್ಮ ಹಾಸಿಗೆ ಹಿಡಿಯುವ ಐದು ದಿನ ಮೊದಲು ಆಫೀಸಿನಿಂದ ಕೆಮ್ಮುತ್ತಾ ಬಂದವಳು ನಾನು. ನನಗೆ ಎರಡೇ ದಿನಕ್ಕೆ ವಾಸಿಯಾಗಿತ್ತು.