ಮನೆ–ಮಕ್ಕಳು ಪ್ರಶ್ನೋತ್ತರ: ಹಳದಿ ಲಾವಾ, ತುಂಬಿ ಹರಿಯುವ ಟ್ಯಾಂಕು, ಅಂಟುವ ಮುದ್ದೆ

ಪ್ರಶ್ನೆ: ಮಗ ನಾಲ್ಕನೇ ಕ್ಲಾಸು. ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕೂತವನು "ಅಮ್ಮಾ, ನಾಳೆ ಜ್ವಾಲಾಮುಖಿ ತಗೊಂಡು ಹೋಗ್ಬೇಕು" ಅಂದ. ಅಂಗಡಿಗಳು ಬಾಗಿಲು ಹಾಕಿದ್ದವು. ಅಡುಗೆ ಸೋಡಾಕ್ಕೆ ದೇವರ ಮನೆಯ ಕುಂಕುಮ ಕಲಸಿ ಕೊಟ್ಟೆವು. ಶಾಲೆಯಲ್ಲಿ ವಿನೆಗರ್ ಸುರಿದರೆ ಲಾವಾ ಹಳದಿಯಾಗಿ ಉಕ್ಕಿತಂತೆ! — ಗೃಹಿಣಿ, ಶೆಟ್ಟಿಹಳ್ಳಿ, ತುಮಕೂರು

ಉತ್ತರ: ನಿಮ್ಮ ಕುಂಕುಮ ಅಸಲಿ, ಅದೇ ತೊಂದರೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ ಹುಳಿ ತಾಗಿದರೆ ಮತ್ತೆ ಅರಿಶಿನದ ಬಣ್ಣಕ್ಕೇ ತಿರುಗುತ್ತದೆ. ಆರತಿ ತಟ್ಟೆಯ ಓಕುಳಿಗೆ ನಿಂಬೆಹಣ್ಣು ಹಿಂಡಿ ನೋಡಿ, ಅಲ್ಲೂ ಇದೇ ಆಟ. ಮುಂದಿನ ಸಲ ಬೀಟ್‌ರೂಟ್ ತುರಿದು ಹಿಂಡಿದ ರಸವನ್ನು ವಿನೆಗರ್‌ಗೆ ಬೆರೆಸಿ. ಅದರ ಕೆಂಪು ಹುಳಿಗೆ ಹೆದರುವುದಿಲ್ಲ.

ಕಾಲು ಲೀಟರಿನ ಬಾಟಲಿಯನ್ನು ರಟ್ಟಿನ ಮೇಲೆ ನಿಲ್ಲಿಸಿ, ಸುತ್ತ ಹಳೇ ಪೇಪರ್ ಉಂಡೆ ಒತ್ತಿ ಬೆಟ್ಟದ ಆಕಾರ ಕೊಡಿ. ಮೇಲೆ ಮೈದಾ ಅಂಟಿನಲ್ಲಿ ಪೇಪರ್ ಚೂರು ಎರಡೇ ಪದರ ಹಚ್ಚಿ, ಫ್ಯಾನ್ ಕೆಳಗಿಡಿ. ನಾಲ್ಕು ಪದರ ಹಚ್ಚಿದರೆ ಬೆಳಗ್ಗೆಗೆ ಒಣಗದೆ, ಬೆಟ್ಟ ಆಟೋದಲ್ಲೇ ಕುಸಿಯುತ್ತದೆ. ಥರ್ಮೋಕೋಲ್ ಬಳಸಿದರೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಕರಗಿ ಗುಂಡಿ ಬೀಳುತ್ತದೆ.

ಒಳಗೆ ಒಂದು ಟೇಬಲ್ ಚಮಚ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಮೇಲಿಂದ ಅರ್ಧ ಕಪ್ ವಿನೆಗರ್. ಸೋಡಾ ಹೆಚ್ಚು ಸುರಿದರೆ ಲಾವಾ ಹೆಚ್ಚುವುದಿಲ್ಲ, ತಳದಲ್ಲಿ ಕೂರುತ್ತದೆ ಅಷ್ಟೆ. ಬೇಕಿಂಗ್ ಪೌಡರ್ ಬೇಡ, ಉಕ್ಕು ಸಪ್ಪೆ. ವಿನೆಗರ್ ಇಲ್ಲವೆಂದರೆ ನಾಲ್ಕೈದು ನಿಂಬೆಹಣ್ಣಿನ ರಸ ನಡೆಯುತ್ತದೆ. ಸೋಡಾ, ಹುಳಿ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲೇ ಕಳಿಸಿ. ಮನೆಯಲ್ಲೇ ಬೆರೆಸಿ ಮುಚ್ಚಳ ಬಿಗಿದರೆ ಜ್ವಾಲಾಮುಖಿ ಸ್ಕೂಲ್ ಬ್ಯಾಗಿನಲ್ಲೇ ಸಿಡಿಯುತ್ತದೆ, ಗಣಿತದ ಪುಸ್ತಕದ ಸಮೇತ.

ಪ್ರಶ್ನೆ: ನಮ್ಮ ಟ್ಯಾಂಕು ವಾರಕ್ಕೆ ಮೂರು ಸಲ ತುಂಬಿ ಹರಿಯುತ್ತದೆ. ಮೋಟಾರ್ ಹಾಕುವುದು ನಾನು, ಆರಿಸುವುದು ಯಜಮಾನರು. ಕೇಳಿದರೆ "ಮಗಳಿಗೆ ಹೇಳಿದ್ದೆ" ಅಂತಾರೆ. ನೀರು ತುಂಬಿದಾಗ ತೇಲುವ ಚೆಂಡಿನಿಂದ ತಾನೇ ಮುಚ್ಚಿಕೊಳ್ಳುವ ನಲ್ಲಿ, ಬಾಲ್ ಕಾಕ್, ಹಾಕಿಸಿದರೆ ಸಾಕೇ? — ಓದುಗರು, ಬಟವಾಡಿ

ಉತ್ತರ: ಗೊರೂರಿನ ಹೇಮಾವತಿ ನೀರು ಬುಗುಡನಹಳ್ಳಿ ಕೆರೆ ದಾಟಿ ನಿಮ್ಮ ಸಂಪಿಗೆ ಬಂದು, ಕೊನೆಗೆ ಪಕ್ಕದ ಮನೆಯವರ ಸ್ಕೂಟರ್ ತೊಳೆಯುತ್ತಿದೆ ಅನ್ನಿ.

ಬಾಲ್ ಕಾಕ್ ಸಾಲದು. ಅದರ ಜಾಗ ನಲ್ಲಿ ನೀರು ಸಂಪಿಗೆ ಬೀಳುವ ಕಡೆ. ಮೇಲಿನ ಟ್ಯಾಂಕಿಗೆ ಹಾಕಿದರೆ ನೀರು ನಿಲ್ಲುತ್ತದೆ, ಮೋಟಾರ್ ನಿಲ್ಲುವುದಿಲ್ಲ. ಮುಚ್ಚಿದ ಪೈಪಿಗೆ ಒತ್ತಿ ಒತ್ತಿ ಕಾಯುತ್ತದೆ. ನಿಮಗೆ ಬೇಕಿರುವುದು ಕರೆಂಟನ್ನೇ ಕಡಿಯುವ ಫ್ಲೋಟ್ ಸ್ವಿಚ್. ಸಂಪಿನಲ್ಲೂ ಒಂದಿರಲಿ. ನೀರಿಲ್ಲದೆ ಓಡಿದರೆ ಮೋಟಾರಿನ ಸೀಲ್ ಸುಟ್ಟು ಹೋಗುತ್ತದೆ. ವೈರಿಂಗ್ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಫ್ಲೋಟಿನ ವೈರು ಒಳಗಿನ ಪೈಪಿಗೆ ಸುತ್ತಿಕೊಳ್ಳದಂತೆ ದೂರ ಕಟ್ಟಿಸಿ. ಹಾಕಿಸಿದ ಮೇಲೂ ತುಂಬಿ ಹರಿಯುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಅಲ್ಲಿಯವರೆಗೆ, ಖಾಲಿ ಟ್ಯಾಂಕು ತುಂಬಲು ಎಷ್ಟು ನಿಮಿಷ ಎಂದು ಒಮ್ಮೆ ಲೆಕ್ಕ ಹಾಕಿ, ಮೂರು ನಿಮಿಷ ಕಳೆದು, ಮೋಟಾರ್ ಹಾಕಿದವರೇ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಲಿ. ಹಾಕಿದವರೇ ಆರಿಸಬೇಕು. ಮಗಳನ್ನು ಇದರಿಂದ ಬಿಟ್ಟುಬಿಡಿ.

ಪ್ರಶ್ನೆ: ಆರು ವರ್ಷದ ಮೊಮ್ಮಗ ಮುದ್ದೆ ಅಂದರೆ "ಹಲ್ಲಿಗೆ ಅಂಟುತ್ತೆ" ಅಂತ ಓಡುತ್ತಾನೆ. "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ" ಅಂದರೆ "ನನಗೆ ಬೆಟ್ಟ ಬೇಡ" ಅಂತಾನೆ. — ಅಜ್ಜಿ, ಕ್ಯಾತಸಂದ್ರ

ಉತ್ತರ: ಅವನ ದೂರಿನಲ್ಲಿ ನಿಜವಿದೆ ಅಜ್ಜಿ. ಬೇಯದ ಹಿಟ್ಟು ಅಂಟುತ್ತದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಕುದಿಯುವ ನೀರಿಗೆ ಹಿಟ್ಟು ಗುಡ್ಡೆ ಸುರಿದು, ಕೈಯಾಡಿಸದೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ, ಆಮೇಲೆ ಕೋಲಾಡಿಸಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಬಿಸಿಯಿರುವಾಗಲೇ ಕಡಲೆ ಕಾಳಿನಷ್ಟು ಚೂರು ಮುರಿದು, ತೆಳ್ಳಗಿನ ಸೊಪ್ಪಿನ ಸಾರಿನಲ್ಲಿ ಅದ್ದಿ ಕೊಡಿ. ಅಗಿದರೆ ಅಗಿಯಲಿ, ನುಂಗುವ ವಿದ್ಯೆಗೆ ಇನ್ನೂ ಟೈಮಿದೆ. ಜಾಮ್ ಜೊತೆಗೇ ಬೇಕು ಅಂತ ಹಟ ಹಿಡಿದರೆ, ನೀವು ಮಠಕ್ಕೆ ಹೋದ ಹೊತ್ತಿನಲ್ಲಿ ಸೊಸೆ ಕೊಟ್ಟುಕೊಳ್ಳಲಿ. ನೀವು ನೋಡಿಲ್ಲ.